ಹಾಲಿ ಸಿಕ್ಕಾದ ಕಾಲದ ಕಥಿ

ಅಮೆರಿಕದ ಪತ್ರಕರ್ತ ಡೇವಿಡ್ ಹಾಲ್ಬರ್‌ಸ್ಟಾಮ್ 1993ರಲ್ಲಿ ‘ದ ಫಿಫ್ಟೀಸ್’ ಅಂತ ಒಂದು ದಪ್ಪ ಪುಸ್ತಕ ತಂದ. ಐವತ್ತರ ದಶಕದ ಅವರ ದೇಶದ ಕಥೆ. ಅದರಲ್ಲಿ ಐಸೆನ್‌ಹೋವರ್ ಇದ್ದಾನೆ, ಮೆಕಾರ್ಥಿ ಇದ್ದಾನೆ. ಅವರ ಪಕ್ಕದಲ್ಲೇ ಹ್ಯಾಂಬರ್ಗರ್ ಮಾರಿದ ಮೆಕ್‌ಡೊನಾಲ್ಡ್ ಅಣ್ತಮ್ಮರು, ಸಾಲುಸಾಲು ಅಗ್ಗದ ಮನೆ ಕಟ್ಟಿದ ಲೆವಿಟ್, 1955ರಲ್ಲಿ ಮಿಸಿಸಿಪ್ಪಿಯಲ್ಲಿ ಕೊಲೆಯಾದ 14 ವರ್ಷದ ಕಪ್ಪು ಹುಡುಗ ಎಮ್ಮೆಟ್ ಟಿಲ್ ಇದ್ದಾರೆ. ರಾಜಕೀಯ ಮತ್ತು ಅಡುಗೆಮನೆ ಎರಡೂ ಒಂದೇ ಕಥೆಯಾಗಿ ಓಡುತ್ತವೆ.

ಖರೇ ಹೇಳ್ತೀನಿ, ಓದತಾ ಓದತಾ ಹೊಟ್ಟೆಕಿಚ್ಚಾಯ್ತು. ನಮ್ಮ ಕಲಬುರಗಿ ಸೀಮೆಯ ಅದೇ ಕಾಲವನ್ನು ನಾವು ಕಲಿತದ್ದು ಎರಡು ತಾರೀಖಿನಾಗ. 1948ರ ಸೆಪ್ಟೆಂಬರ್ 17, ನಿಜಾಮ ಶರಣಾದ. 1956ರ ನವೆಂಬರ್ 1, ಕಲಬುರಗಿ, ರಾಯಚೂರು, ಬೀದರ ಮೈಸೂರು ರಾಜ್ಯ ಸೇರಿದವು. ನಡುವಿನ ಎಂಟು ವರ್ಷ ಜನ ಏನು ಉಂಡರು, ಹೆಂಗ ಬದುಕಿದರು?

ಚೌಡಾಪುರ ಕ್ರಾಸ್ ಅಂದ್ರ ಎಲ್ಲರಿಗೂ ಗಾಣಗಾಪುರಕ್ಕ ಹೊರಳೋ ದಾರಿ. ಅಲ್ಲಿಂದ ಭೀಮಾ ಹೊಳಿ ದೂರಿಲ್ಲ. ಆಗ ನಮ್ಮ ಕಡೆ ನಿಜಾಮ, ಅಫಜಲಪುರದಿಂದ ಹೊಳಿ ದಾಟಿದರ ಇಂಡಿ ಸೀಮಿ, ಮುಂಬೈ ಪ್ರಾಂತ. ಸರಕಾರ ಬ್ಯಾರೆ, ರೊಕ್ಕಾನೂ ಬ್ಯಾರೆ. ಇಲ್ಲಿಯ ಹಾಲಿ ಸಿಕ್ಕಾ ಏಳು ಕೊಟ್ಟರ ಅಲ್ಲಿಯ ಕಲ್ದಾರ ಆರು. ಕಚೇರಿ ಕಾಗದ ಉರ್ದುವಿನಲ್ಲಿ, ಮನಿ ಮಾತು ಕನ್ನಡದಲ್ಲಿ. ರಜಾಕಾರರ ಕಾಲಕ್ಕ ರಾತ್ರೋರಾತ್ರಿ ಅದೇ ಗಡಿ ದಾಟಿ ಜೀವ ಉಳಿಸಿಕೊಂಡ ಮನೆತನಗಳು ಎಷ್ಟೋ.

ಇದು ಅರ್ಧ ಕಥಿ. ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲೂ ಅದರ ನಂತರವೂ ಏನಾಯ್ತು ಅಂತ ನೋಡಲು ನೆಹರೂ ಸರಕಾರ ಪಂಡಿತ ಸುಂದರಲಾಲರ ಸಮಿತಿ ಕಳಿಸಿತು. ಕಡಿಮೆ ಹಿಡಿದರೂ 27ರಿಂದ 40 ಸಾವಿರ ಜನ ಸತ್ತಿದ್ದಾರೆ ಅಂತ ಸಮಿತಿ ಅಂದಾಜಿಸಿತು. ಹೆಚ್ಚಿನವರು ಮುಸಲ್ಮಾನರು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ, ನಾಂದೇಡ ಜೊತೆ ನಮ್ಮ ಗುಲಬರ್ಗಾನೂ ಇತ್ತು. ಆ ವರದಿ ಆಗ ಪ್ರಕಟವಾಗಲಿಲ್ಲ.

ಚೌಡಾಪುರದ ಒಂದು ಚಹಾದಂಗಡಿಯಾಗ ಹಿರಿಯರೊಬ್ಬರಿಗೆ ಕೇಳಿದ್ದೆ: “ಮುತ್ಯಾ, ಗದ್ದಲದಾಗ ನೀವು ಎಲ್ಲಿದ್ರಿ?”

ಬಸಿ ಕೆಳಗಿಟ್ಟು ಅವರು ನನ್ನ ಮುಖ ನೋಡಿದರು. “ಯಾವ ಗದ್ದಲ ತಮ್ಮಾ? ಮೊದಲಿಂದೋ, ಆಮ್ಯಾಲಿಂದೋ?”

ಅವರ ಹೆಸರು, ಜಾತಿ ನಾ ಬರೆಯೂದಿಲ್ಲ. ಬರೆದರ ಓದುಗರು ಥಟ್ಟನೆ ಒಂದು ಗದ್ದಲ ಆರಿಸಿಕೊಂಡು ಇನ್ನೊಂದನ್ನು ಬಿಟ್ಟುಬಿಡ್ತಾರ. ನಮ್ಮಲ್ಲಿ ಆಗಿದ್ದೂ ಅದೇ. ಒಂದು ಓಣಿಯವರು ಮೊದಲಿಂದು ಹೇಳ್ತಾರ, ಇನ್ನೊಂದು ಓಣಿಯವರು ಆಮ್ಯಾಲಿಂದು ಹೇಳ್ತಾರ, ಅದೂ ದನಿ ತಗ್ಗಿಸಿ.

ಹಾಲ್ಬರ್‌ಸ್ಟಾಮ್ ಮೆಚ್ಚಾಗೋದು ಇಲ್ಲೇ. ಲೆವಿಟ್ ಬಡವರಿಗೆ ಸ್ವಂತ ಮನೆಯ ಆಸೆ ಹುಟ್ಟಿಸಿದ. ಆ ಮನೆಗಳನ್ನು ಕಪ್ಪು ಜನರಿಗೆ ಮಾರಲಿಲ್ಲ. ಎರಡೂ ಒಬ್ಬನೇ ಮನುಷ್ಯನ ಕಥೆ. ಒಂದನ್ನು ಹೇಳಿದರೆ ಇನ್ನೊಂದು ಸುಳ್ಳಾಗುವುದಿಲ್ಲ. ವಿಮೋಚನೆ ಖರೇ, ನೋವೂ ಖರೇ ಅಂತ ಒಂದೇ ಪುಸ್ತಕದಾಗ ಬರೆಯೋ ಎದೆಗಾರಿಕೆ ನಮಗೂ ಬೇಕು.

ಪುಸ್ತಕ ಬರೆಯೋರು ಬರೆಯಲಿ. 1948ರಲ್ಲಿ ಹತ್ತು ವರ್ಷದವರಿದ್ದವರು ಈಗ ಎಂಬತ್ತು ದಾಟಿದ್ದಾರ, ವ್ಯಾಳ್ಯಾ ಭಾಳಿಲ್ಲ. ಈ ಸಲ ಸೆಪ್ಟೆಂಬರ್ 17ಕ್ಕ ಝಂಡಾ ಹಾರಿಸಿ ಬಂದಮ್ಯಾಲ ನಿಮ್ಮ ಮನಿ ಹಿರಿಯರ ಹತ್ರ ಕೂಡ್ರಿ, ಆಮ್ಯಾಲ ಬಾಜೂ ಮನಿಯವರ ಹತ್ರಾನೂ ಕೂಡ್ರಿ. ಮೊದಲಿಗೇ ಗದ್ದಲದ ಮಾತು ತೆಗೀಬ್ಯಾಡ್ರಿ. ಹಾಲಿ ಸಿಕ್ಕಾದಾಗ ಒಂದು ಸೇರು ಜ್ವಾಳ ಎಷ್ಟಿತ್ತು ಅಂತ ಕೇಳ್ರಿ. ಉಳಿದದ್ದು ತಾನೇ ಬರ್ತದ.