ಹನ್ನೆರಡೂವರೆಯ ತನಕ

ನೀವೆಂದಾದರೂ ಮೋಡದೊಳಗೆ ಕುಳಿತಿದ್ದೀರಾ?

ಕೆಳಗೆ ನಿಂತು ನೋಡುವಾಗ ಹತ್ತಿಯ ರಾಶಿಯಂತೆ ಕಾಣುವ ಮೋಡ, ಒಳಗೆ ಹೋದರೆ ಮೆತ್ತಗೂ ಇಲ್ಲ, ಬೆಚ್ಚಗೂ ಇಲ್ಲ. ಸುತ್ತಲೂ ತಣ್ಣನೆಯ ಬಿಳುಪು. ಹತ್ತು ಹೆಜ್ಜೆ ಆಚೆ ಏನಿದೆಯೆಂದು ತಿಳಿಯುವುದಿಲ್ಲ. ಹುಬ್ಬಿನ ಮೇಲೆ, ಶಾಲಿನ ಎಳೆಗಳ ಮೇಲೆ ಸಣ್ಣ ಹನಿಗಳು ಬಂದು ಕೂರುತ್ತವೆ. ಡಿಸೆಂಬರ್ ಕೊನೆಯ ವಾರ ಕೊಡಗಿನ ತಡಿಯಂಡಮೋಳ್ ಬೆಟ್ಟದಲ್ಲಿ ನಾನು ಹಾಗೆ ಸುಮಾರು ಎರಡು ಗಂಟೆ ಕುಳಿತಿದ್ದೆ. ಜೊತೆಗಿದ್ದವರು ನನ್ನ ಮಗ, ನನ್ನ ತಮ್ಮ ಮತ್ತು ದಾರಿ ತೋರಿಸಲು ಬಂದಿದ್ದ ಕಕ್ಕಬ್ಬೆಯ ಒಬ್ಬರು.

ಬೆಟ್ಟ ಹತ್ತುವ ಹುಚ್ಚು ನನಗಿಲ್ಲ. ಹೋದದ್ದು ಮಗನಿಗಾಗಿ. ಕಳೆದ ವರ್ಷ ಅವನು ನೀಟ್ ಬರೆದ. ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಇನ್ನೊಂದು ವರ್ಷ ಓದಿ ಮತ್ತೆ ಬರೆಯುತ್ತೇನೆಂದ. ನಾವೂ ಒಪ್ಪಿದೆವು. ಆದರೆ ಒಪ್ಪುವುದು ಸುಲಭ, ಆ ಒಂದು ವರ್ಷವನ್ನು ದಾಟುವುದು ಕಷ್ಟ. ಮದುವೆ ಮನೆಗೆ ಹೋದರೆ "ಮಗ ಈಗ ಏನು ಮಾಡ್ತಾನೆ?" ಎಂಬ ಪ್ರಶ್ನೆ. ಗಲ್ಫಿನಿಂದ ಅವನ ತಂದೆಯ ಫೋನು ಬಂದರೆ ಮೊದಲು ಕೇಳುವುದು ಮಾದರಿ ಪರೀಕ್ಷೆಯ ಅಂಕ. ನಾನೇನು ಕಡಿಮೆಯೇ? ಅನ್ನ ಬಡಿಸುವಾಗಲೂ ಅದನ್ನೇ ಕೇಳುತ್ತಿದ್ದೆ. ಬರಬರುತ್ತಾ ಅವನು ಮಾತು ಬಿಟ್ಟ. ಊಟಕ್ಕೆ ಕರೆದರೆ 'ಹೂಂ', ಮಲಗು ಎಂದರೆ 'ಹೂಂ'. ನವೆಂಬರ್ ತಿಂಗಳಿಡೀ ಅವನ ಬಾಯಿಂದ ಒಂದು ಪೂರ್ತಿ ವಾಕ್ಯ ಕೇಳಿದ ನೆನಪು ನನಗಿಲ್ಲ.

ವಿರಾಜಪೇಟೆಯಲ್ಲಿರುವ ನನ್ನ ತಮ್ಮನಿಗೆ ಇದನ್ನು ಹೇಳಿಕೊಂಡೆ. "ಅಕ್ಕಾ, ಅವನನ್ನು ಎರಡು ದಿನ ಇಲ್ಲಿಗೆ ಕರೆದುಕೊಂಡು ಬಾ. ಬೆಟ್ಟಕ್ಕೆ ಹೋಗೋಣ" ಎಂದ.

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ, 1748 ಮೀಟರ್. ದಾರಿ ಶುರುವಾಗುವುದು ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯ ಬಳಿಯಿಂದ. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಅರಮನೆಯದು. ನಾವು ಹೊರಟಾಗ ಕಾಫಿ ಕೊಯ್ಲಿನ ಸಮಯ. ಮನೆಗಳ ಅಂಗಳದಲ್ಲಿ ಕೆಂಪು ಹಣ್ಣು ಒಣಗಲು ಹರವಿತ್ತು. ಆಕಾಶ ತಿಳಿಯಾಗಿತ್ತು. ಮೇಲೆ ತಲುಪಿದರೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರವೂ ಕಾಣುತ್ತದೆ ಎಂದು ಊರಿನವರು ಹೇಳುತ್ತಾರೆ. ಕರಾವಳಿಯವಳಾದ ನನಗೆ ನಮ್ಮದೇ ಸಮುದ್ರವನ್ನು ಕೊಡಗಿನ ತಲೆಯ ಮೇಲಿನಿಂದ ನೋಡುವ ಆಸೆ!

ಹುಲ್ಲುಗಾವಲು ದಾಟಿ, ಕಣಿವೆಯ ಶೋಲಾ ಕಾಡಿನ ಅಂಚಿಗೆ ಬರುವಾಗ ಹತ್ತೂವರೆ. ಅಲ್ಲಿಂದ ಮೇಲೆ ಕಡಿದಾದ ಏರು. ತಲೆಯೆತ್ತಿ ನೋಡಿದರೆ ಶಿಖರವೇ ಇಲ್ಲ! ಬಿಳಿ ಮುಸುಕೊಂದು ಇಳಿದು ಬರುತ್ತಿತ್ತು. ಐದೇ ನಿಮಿಷದಲ್ಲಿ ನಾವೂ ಅದರೊಳಗಾದೆವು.

ದಾರಿ ತೋರಿಸುವವರು ಒಂದು ದೊಡ್ಡ ಬಂಡೆಯ ಮರೆಗೆ ನಮ್ಮನ್ನು ಕರೆದುಕೊಂಡು ಹೋದರು. "ಬೆವರು ಆರುವ ಮೊದಲೇ ಸ್ವೆಟರ್ ಹಾಕಿಕೊಳ್ಳಿ" ಎಂದರು. ನಡೆಯುವಾಗ ಗೊತ್ತಾಗದ ಚಳಿ, ಕುಳಿತ ಮೇಲೆ ಒದ್ದೆ ಬಟ್ಟೆಯ ಮೂಲಕ ಮೂಳೆಗೆ ಇಳಿಯುತ್ತದೆ. ಆಮೇಲೆ ಗಡಿಯಾರ ನೋಡಿ ಹೇಳಿದರು: "ಹನ್ನೆರಡೂವರೆಯ ತನಕ ಕಾಯೋಣ. ಮೋಡ ಸರಿದರೆ ಮೇಲಕ್ಕೆ. ಸರಿಯದಿದ್ದರೆ ಕೆಳಕ್ಕೆ."

ಕಾಯುವುದಕ್ಕೂ ಒಂದು ಗಡುವು ಇರಬೇಕೆಂದು ನನಗೆ ಅಂದಿನವರೆಗೆ ಹೊಳೆದಿರಲಿಲ್ಲ.

ಮೊದಲ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಫ್ಲಾಸ್ಕಿನ ಚಹಾ ಮುಗಿಯಿತು, ಅಕ್ಕಿ ರೊಟ್ಟಿ ಮುಗಿಯಿತು. ಬೇಸರ ಕಳೆಯಲು ನಾನೇ ಮಗನನ್ನು ಕೇಳಿದೆ, "ಈ ಮೋಡ ಯಾಕೆ ಇಲ್ಲೇ ನಿಂತಿದೆ? ಗಾಳಿ ಬೀಸುತ್ತಿದೆಯಲ್ಲ, ಹಾರಿ ಹೋಗಬಾರದೇ?"

ಅವನು ತಿರುಗಿ ನೋಡಿದ. "ಉಮ್ಮಾ, ಇದು ನಿಂತಿಲ್ಲ" ಎಂದ. ಮತ್ತೆ ಮಾತು ಮುಂದುವರಿಯಿತು. ಕಣಿವೆಯ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತದೆ. ಮೇಲೇರಿದಷ್ಟೂ ಅದು ಹಿಗ್ಗಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಯಲ್ಲಿರುವ ನೀರಾವಿ ಕೂದಲೆಳೆಗಿಂತಲೂ ಸಣ್ಣ ಹನಿಗಳಾಗುತ್ತದೆ. ಬೆಟ್ಟ ದಾಟಿ ಆಚೆ ಇಳಿಯುವಾಗ ಗಾಳಿ ಮತ್ತೆ ಬಿಸಿಯಾಗಿ ಹನಿಗಳು ಆರಿಹೋಗುತ್ತವೆ. ಈಚೆಯಿಂದ ಹೊಸ ಹನಿ ಬರುತ್ತಲೇ ಇರುತ್ತದೆ, ಆಚೆಗೆ ಹಳೆಯದು ಕರಗುತ್ತಲೇ ಇರುತ್ತದೆ. "ನಮಗೆ ಮಾತ್ರ ಒಂದೇ ಮೋಡ ನಿಂತ ಹಾಗೆ ಕಾಣುತ್ತದೆ" ಎಂದ.

ಅವನ ಮಾಮ ನನ್ನನ್ನು ನೋಡಿ ಕಣ್ಣಲ್ಲೇ ನಕ್ಕ. ಎಷ್ಟು ವಾಕ್ಯಗಳು! ಇಷ್ಟನ್ನೆಲ್ಲ ಓದಿ ತಲೆಯಲ್ಲಿಟ್ಟುಕೊಂಡ ಹುಡುಗನನ್ನು ನಾನು ತಿಂಗಳುಗಟ್ಟಲೆ ಒಂದು ಸಂಖ್ಯೆ ಮಾತ್ರ ಕೇಳುತ್ತಿದ್ದೆನಲ್ಲ ಎಂದು ಮನಸ್ಸು ಕುಟುಕಿತು.

ಸ್ವಲ್ಪ ಹೊತ್ತಿನ ಬಳಿಕ ಅವನು ತಲೆ ತಗ್ಗಿಸಿ ಕೇಳಿದ, "ಉಮ್ಮಾ, ಈ ಸಲವೂ ಬರದಿದ್ದರೆ?"

ಮನೆಯಲ್ಲಾಗಿದ್ದರೆ "ಹಾಗೆಲ್ಲ ಹೇಳಬಾರದು, ಬಂದೇ ಬರುತ್ತದೆ" ಎನ್ನುತ್ತಿದ್ದೆ. ಆ ಬಿಳುಪಿನೊಳಗೆ ಕುಳಿತು, ಎದುರಿಗಿನ ಮರವೇ ಕಾಣದಿರುವಾಗ, ಆ ಮಾತು ಹೇಳಲು ನಾಲಿಗೆ ಏಳಲಿಲ್ಲ. ಸುಮ್ಮನೆ ಅವನ ಕೈ ಹಿಡಿದುಕೊಂಡೆ. ಬೆರಳುಗಳು ಮಂಜಿನಂತಿದ್ದವು.

ಹನ್ನೆರಡೂಕಾಲಿಗೆ ಮೋಡ ಒಮ್ಮೆ ತೆಳುವಾಯಿತು. ಬಿಸಿಲಿನ ಒಂದು ತುಂಡು ಹುಲ್ಲಿನ ಮೇಲೆ ಬಿತ್ತು. ನಾವೆಲ್ಲ ಎದ್ದು ನಿಂತೆವು. ಆದರೆ ಗಾಳಿ ಮತ್ತೊಂದು ರಾಶಿಯನ್ನು ಹೊತ್ತು ತಂದು ಎಲ್ಲವನ್ನೂ ಮುಚ್ಚಿತು. ಹನ್ನೆರಡೂವರೆಗೆ ದಾರಿ ತೋರಿಸುವವರು ಚೀಲ ಹೆಗಲಿಗೇರಿಸಿದರು.

"ಅಂಕಲ್, ಇನ್ನು ಸ್ವಲ್ಪವೇ ದಾರಿಯಲ್ವಾ? ಹೋಗಿ ಬಿಡೋಣ" ಎಂದ ಮಗ.

"ಸ್ವಲ್ಪವೇ. ಆದರೆ ಕಡಿದು, ಕಲ್ಲು ಒದ್ದೆ, ಅಂಚು ಕಾಣುವುದಿಲ್ಲ. ಬೆಟ್ಟ ನಾಳೆಯೂ ಇಲ್ಲೇ ಇರುತ್ತದೆ ಮಗಾ" ಎಂದರು ಅವರು.

ಇಳಿಯುವಾಗ ತಮ್ಮ ಎವರೆಸ್ಟಿನ ಕಥೆ ಹೇಳಿದ. ಪರ್ವತಾರೋಹಿಗಳು ಹೊರಡುವ ಮೊದಲೇ ಹಿಂದಿರುಗುವ ಹೊತ್ತನ್ನು ಗೊತ್ತುಮಾಡಿಕೊಳ್ಳುತ್ತಾರಂತೆ. ಯಾಕೆಂದರೆ ಶಿಖರ ಕಣ್ಣೆದುರಿಗೆ ಬಂದ ಮೇಲೆ ಮನಸ್ಸು ಸರಿಯಾಗಿ ಲೆಕ್ಕ ಹಾಕುವುದಿಲ್ಲ. 1996ರ ಮೇ 10ರಂದು ಹಲವರು ಹೊತ್ತು ಮೀರಿದ ಮೇಲೂ ಹತ್ತುತ್ತಲೇ ಹೋದರು. ಇಳಿಯುವಾಗ ಬಿರುಗಾಳಿ ಹಿಡಿಯಿತು. ಅಂದು ಮತ್ತು ಮರುದಿನ ಆ ಬಿರುಗಾಳಿಯಲ್ಲಿ ಎಂಟು ಮಂದಿ ಪ್ರಾಣ ಕಳೆದುಕೊಂಡರು. ತಡಿಯಂಡಮೋಳ್ ಎವರೆಸ್ಟ್ ಅಲ್ಲ, ನಿಜ. ಆದರೆ ಕಾಣದ ಅಂಚಿನಲ್ಲಿ ಕಾಲು ಜಾರಲು ಎಷ್ಟು ಎತ್ತರ ಬೇಕು?

ಅರಮನೆಯ ಹತ್ತಿರ ಬಂದು ಹಿಂತಿರುಗಿ ನೋಡಿದರೆ... ಶಿಖರ ಫಳಫಳ ಹೊಳೆಯುತ್ತಿದೆ! ಒಂದು ಚೂರು ಮೋಡವಿಲ್ಲ. ನನಗೆ ಅಳುವೇ ಬಂತು. ಮಗ ಮಾತ್ರ ಜೋರಾಗಿ ನಕ್ಕುಬಿಟ್ಟ. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. "ನೋಡಿ ಉಮ್ಮಾ, ನಮ್ಮನ್ನು ಹೇಗೆ ಮೋಸ ಮಾಡಿತು!" ಎಂದ.

ಅಂದು ರಾತ್ರಿ ನಾನು ಅವನ ಪ್ರಶ್ನೆಗೆ ಉತ್ತರ ಕೊಟ್ಟೆ. "ಮೇ ತಿಂಗಳ ಪರೀಕ್ಷೆಯ ತನಕ ಕಾಯೋಣ. ಬಂದರೆ ಸಂತೋಷ. ಬರದಿದ್ದರೆ ಮೂರನೇ ವರ್ಷ ಬೇಡ. ಯಾವ ಕೋರ್ಸ್ ಸೇರುವುದೆಂದು ಈಗಲೇ ಕೂತು ನೋಡಿಡೋಣ. ಅದು ಸೋಲಲ್ಲ, ಇಳಿಯುವ ದಾರಿ." ಅವನು ತುಂಬಾ ಹೊತ್ತು ಸುಮ್ಮನಿದ್ದು, "ಸರಿ ಉಮ್ಮಾ" ಎಂದ. ಹೆಗಲಿನಿಂದ ಏನೋ ಇಳಿಸಿದಂತೆ ಉಸಿರು ಬಿಟ್ಟ. ಮರುದಿನ ಅವನ ತಂದೆಗೂ ಫೋನಿನಲ್ಲಿ ಇದನ್ನೇ ಹೇಳಿದೆ. ಮೊದಲು ಮುನಿಸಿಕೊಂಡರು, ಎರಡು ದಿನ ಕಳೆದು ಒಪ್ಪಿದರು.

ನೀವೂ ನಿಮ್ಮ ಮನೆಯಲ್ಲಿ ಏನನ್ನೋ ಕಾಯುತ್ತಿರಬಹುದು. ಮಗಳಿಗೆ ಸಂಬಂಧ, ಮಗನಿಗೆ ಕೆಲಸ, ಗಂಡನಿಗೆ ವೀಸಾ... ಮೋಡ ಯಾವಾಗ ಸರಿಯುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಎಷ್ಟು ಹೊತ್ತು ಕಾಯುವುದು, ಕಾಯುವಾಗ ಪಕ್ಕದಲ್ಲಿ ಕುಳಿತವರೊಂದಿಗೆ ಏನು ಮಾತಾಡುವುದು ಎಂಬುದಾದರೂ ನಮ್ಮ ಕೈಯಲ್ಲಿದೆಯಲ್ಲವೇ? ಮೇಲೆ ಹೋಗಲಾಗದ ಆ ದಿನ ನಾನು ಸಮುದ್ರ ನೋಡಲಿಲ್ಲ. ಮಗನ ಮುಖವನ್ನು ನೋಡಿದೆ.

ಪರೀಕ್ಷೆ ಇನ್ನೂ ಬಂದಿಲ್ಲ. ಈಗ ಅನ್ನ ಬಡಿಸುವಾಗ ನಾನು ಅಂಕ ಕೇಳುವುದಿಲ್ಲ. ಕೆಲವೊಮ್ಮೆ ಅವನೇ ಹೇಳುತ್ತಾನೆ.