ಹೊಸ್ತಿಲು ದಾಟದ ಕಾರು

ಮೊಮ್ಮಕ್ಕಳಿಬ್ಬರಿಗೆ ಒಂದೇ ರಿಮೋಟ್ ಕಾರು ಕೊಂಡರೆ ಜಗಳ ಖಂಡಿತ. ದೊಡ್ಡವು ಎರಡೆಂದರೆ ಜೇಬು ಒಪ್ಪದು. ನಿಜವಾದ ಕಾರಿನ 24ರಲ್ಲೊಂದು ಪಾಲಿನಷ್ಟಿರುವ ಪುಟ್ಟವೆರಡನ್ನು ಕೇಳಿದೆ. ಅಂಗಡಿಯಾತ ಮೊದಲು ತೋರಿಸಿದವು ಎರಡೂ 27 ಮೆಗಾಹರ್ಟ್ಸಿನವು. ಒಂದರ ಗುಂಡಿಯೊತ್ತಿದರೆ ಎರಡೂ ಓಡಿದವು! ಅಂಥ ಅವಿಭಕ್ತ ಕುಟುಂಬ ಬೇಡವೆಂದು 2.4 ಗಿಗಾಹರ್ಟ್ಸಿನವನ್ನು ತಂದೆ. ಇವು ತಂತಮ್ಮ ರಿಮೋಟಿನ ಮಾತನ್ನಷ್ಟೇ ಕೇಳುತ್ತವೆ.

ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ, ನಡೆಯಿರೆಂದು ವೈದ್ಯರು ಹೇಳಿದರೂ, ನನ್ನಾಕೆ ಹೆದರಿಕೆಯಿಂದ ಮಂಚ ಬಿಟ್ಟಿರಲಿಲ್ಲ. ಮೊಮ್ಮಗಳು ತನ್ನ ರಿಮೋಟನ್ನು ಅಜ್ಜಿಯ ಕೈಗಿತ್ತಳು. ಮಂಚದಿಂದಲೇ ಓಡಿಸಿದ ಕಾರು ಹೊಸ್ತಿಲಿಗೆ ಬಡಿದು ನಿಂತಿತು. ಅಗ್ಗದ ಕಾರು; ತಳ ಬಲು ತಗ್ಗು. ನಾನು ಏಳುವಷ್ಟರಲ್ಲಿ ಅವಳೇ ಗೋಡೆ ಹಿಡಿದು ನಡೆದುಹೋಗಿ, ಅದನ್ನೆತ್ತಿ ದಾಟಿಸಿದಳು.

ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ.