ಶ್ರೀನಗರದ ಇನ್ನೊಂದು ಅದ್ವೈತ

ಶ್ರೀನಗರ ಅಂದ್ರೆ ದಾಲ್ ಸರೋವರ, ಶಿಕಾರಾ, ಕೇಸರಿ ಅಂತ ಎಲ್ಲರೂ ಹೇಳ್ತಾರೆ. ಅದೇ ಸರೋವರದ ಆಸುಪಾಸಿನಲ್ಲಿ ಎರಡು ಬಗೆಯ ಅದ್ವೈತಗಳ ಗುರುತು ಇದೆ ಅನ್ನೋದನ್ನು ಹೇಳೋರು ಕಡಿಮೆ.

ಮೊದಲನೆಯದು ಶಂಕರಾಚಾರ್ಯ ಬೆಟ್ಟ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಹಳೆಯ ಕಲ್ಲಿನ ಶಿವಾಲಯ, ಕೆಳಗೆ ಇಡೀ ಊರು. ಶಂಕರರು ಇಲ್ಲಿ ತಂಗಿದ್ದರು ಎಂಬ ಪ್ರತೀತಿ. ಶೃಂಗೇರಿಗೆ ಹೋಗಿ ಬರುವ ನಮಗೆ ಆ ಅದ್ವೈತ ಪರಿಚಿತ: ಹಗ್ಗ ಹಾವಾಗಿ ಕಂಡ ಹಾಗೆ ಈ ಜಗತ್ತು.

ಎರಡನೆಯದಕ್ಕೆ ನಿಶಾತ್ ಬಾಗ್ ಪಕ್ಕದ ಈಶ್‌ಬರ್‌ಗೆ ಹೋಗಬೇಕು. ಕಾಶ್ಮೀರ ಶೈವದ ದೊಡ್ಡ ಗುರು ಸ್ವಾಮಿ ಲಕ್ಷ್ಮಣ್‌ಜೂ (1907–1991) ಅವರ ಆಶ್ರಮ ಇರೋದು ಇಲ್ಲೇ. ಇನ್ನೂ ಮುಂದೆ, ಹಾರ್ವನ್ ದಾಟಿದರೆ ಮಹಾದೇವ ಪರ್ವತ. ಅಲ್ಲಿನ ಬಂಡೆಯೊಂದರ ಮೇಲೆ 9ನೇ ಶತಮಾನದ ವಸುಗುಪ್ತನಿಗೆ ಶಿವಸೂತ್ರಗಳು ಸಿಕ್ಕವು ಎಂಬುದು ಐತಿಹ್ಯ. ಉತ್ಪಲದೇವ, ಅಭಿನವಗುಪ್ತ ಈ ದರ್ಶನವನ್ನು ಬೆಳೆಸಿದರು.

ತಂತ್ರ ಅಂದ ಕೂಡಲೇ ಮಾಟ-ಮಂತ್ರ ನೆನಪಾಗುತ್ತೆ ಅಲ್ವಾ? ಇವರು ಹೇಳಿದ್ದೇ ಬೇರೆ. ಜಗತ್ತು ಸುಳ್ಳಲ್ಲ, ಶಿವನೇ ಹೀಗೆ ತೋರಿಕೊಂಡಿದ್ದಾನೆ. ಅದನ್ನು ಗುರುತು ಹಿಡಿಯೋದೇ ಮೋಕ್ಷ, ಅದೇ ಪ್ರತ್ಯಭಿಜ್ಞೆ. ಉತ್ಪಲದೇವ ಒಂದು ಉದಾಹರಣೆ ಕೊಡ್ತಾನೆ: ಬರೀ ಗುಣಗಳನ್ನು ಕೇಳಿ ಒಬ್ಬನನ್ನು ಪ್ರೀತಿಸಿದ ಹುಡುಗಿ. ಅವನು ಎದುರಿಗೇ ಬಂದು ನಿಂತರೂ ಅವಳಿಗೆ ಅವನು ಯಾರೋ ಒಬ್ಬ. ಇವನೇ ಅವನು ಅಂತ ಗೊತ್ತಾದ ಮೇಲಷ್ಟೇ ಸಂತೋಷ.

ಇದರಿಂದ ನಮಗೇನು? ನನ್ನದು ಸಾಫ್ಟ್‌ವೇರ್ ಕೆಲಸ. ಆನ್‌ಕಾಲ್ ವಾರದಲ್ಲಿ ರಾತ್ರಿ ಮೂರಕ್ಕೆ ಫೋನ್ ಬಡ್ಕೊಂಡರೆ ಎದೆ ಧಸಕ್ ಅನ್ನುತ್ತೆ. "ಆರೋಗ್ಯ ಕೆಟ್ಟ ಮೇಲೆ ಸಂಬಳ ಯಾಕೋ, ಬಿಟ್ಟು ಬಾ" ಅಂತಾರೆ ಅಮ್ಮ. ಬಿಟ್ಟರೆ ಮಾತ್ರ ನೆಮ್ಮದಿಯಾ ಅನ್ನೋ ಪ್ರಶ್ನೆ ನನಗೂ ಇತ್ತು. ಈ ಪರಂಪರೆಯ ವಿಜ್ಞಾನಭೈರವದಲ್ಲಿ 112 ಧಾರಣೆಗಳಿವೆ. ಉಸಿರು ತಿರುಗುವ ಕ್ಷಣ, ಸೀನು, ಭಯ, ಹಸಿವಿನ ಶುರು, ಎಲ್ಲವೂ ಅದರಲ್ಲಿ ಬಾಗಿಲುಗಳೇ. ಕಾಡಿಗೇ ಹೋಗಬೇಕಿಲ್ಲ. ಈಗ ಫೋನ್ ಎತ್ತುವ ಮೊದಲು ಆ ಧಸಕ್ ಅನ್ನೋದನ್ನೇ ಒಂದು ಉಸಿರು ಗಮನಿಸ್ತೀನಿ. ಸರ್ವರ್ ಅದರಿಂದ ಸರಿಹೋಗಲ್ಲ, ಕೆಲಸದ ಹೊರೆಯೂ ಇಳಿಯಲ್ಲ. ಆದ್ರೆ ಲ್ಯಾಪ್‌ಟಾಪ್ ತೆರೆಯುವಾಗ ಕೈ ನಡುಗಲ್ಲ. ಬಿಡಬೇಕಾ ಬೇಡವಾ ಅನ್ನೋದನ್ನೂ ಗಾಬರಿ ಇಲ್ಲದೆ ಯೋಚಿಸಬಹುದು.

ನೀವು ಶ್ರೀನಗರಕ್ಕೆ ಹೋದಾಗ ನಿಶಾತ್ ನೋಡಿ ಹಾಗೇ ವಾಪಸ್ ಬರಬೇಡಿ. ಈಶ್‌ಬರ್‌ಗೂ ಒಂದರ್ಧ ಗಂಟೆ ಇಟ್ಕೊಳ್ಳಿ.